‘ರೆಪೊ’ ಎಂಬ ಒಂದು ಪದದಲ್ಲಿ ನೀವು ಕೇಳುತ್ತಿರುವುದೇನು? ಟೂಲ್ ಕಟ್ಟುವವರಿಗೆ ಬಹಿರಂಗ ಪತ್ರ

ಕೋಡ್ ಇಡುವ ತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್‌ಗಳಿಗೆ ಜೋಡಿಸುವ ಟೂಲ್‌ಗಳನ್ನು ಕಟ್ಟಿ ಮಾರುತ್ತಿರುವ ಸಂಸ್ಥೆಗಳ ಸ್ಥಾಪಕರಿಗೆ, ತಾಂತ್ರಿಕ ಮುಖ್ಯಸ್ಥರಿಗೆ ಮತ್ತು ಎಂಜಿನಿಯರುಗಳಿಗೆ,

ಮಾನ್ಯರೇ,

ಕೋಡ್ ರಿವ್ಯೂ ಮಾಡುವ, ಟೆಸ್ಟ್ ಓಡಿಸುವ, ಹಳತಾದ ಲೈಬ್ರರಿಗಳನ್ನು ಹುಡುಕಿ ಹೇಳುವ, ತಂಡದ ಕೆಲಸದ ಲೆಕ್ಕವನ್ನು ಚಾರ್ಟಿನಲ್ಲಿ ತೋರಿಸುವ, ಈಚೆಗೆ ಎಐ ಬಳಸಿ ಕೋಡನ್ನೇ ಬರೆದುಕೊಡುವ ಟೂಲ್‌ಗಳು ಇವತ್ತು ಹೆಚ್ಚುಕಡಿಮೆ ಎಲ್ಲ ತಂಡಗಳಿಗೂ ಬೇಕು. ಅವುಗಳಲ್ಲಿ ಎಷ್ಟೋ ತಯಾರಾಗುವುದು ಬೆಂಗಳೂರಿನಲ್ಲೇ. ಬಳಸುವವರೂ ದೊಡ್ಡ ಸಂಖ್ಯೆಯಲ್ಲಿ ಇಲ್ಲೇ ಇದ್ದಾರೆ. ಆದ್ದರಿಂದ ಈ ಮಾತನ್ನು ಕನ್ನಡದಲ್ಲೇ, ಎಲ್ಲರ ಮುಂದೆ ಇಡುತ್ತಿದ್ದೇನೆ. ನನ್ನ ದೂರು ಒಂದೇ. ನಿಮ್ಮ ಟೂಲ್ ಮಾಡುವ ಕೆಲಸಕ್ಕೂ ಅದು ಕೇಳುವ ಪರ್ಮಿಷನ್ನಿಗೂ ತಾಳೆಯಾಗುತ್ತಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ವಾರಕ್ಕೆ ಎಷ್ಟು ಪುಲ್ ರಿಕ್ವೆಸ್ಟ್ (ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದವು, ಎಷ್ಟು ಮರ್ಜ್ ಆದವು (ಸೇರಿಕೊಂಡವು), ಒಂದೊಂದರ ರಿವ್ಯೂಗೆ ಎಷ್ಟು ಗಂಟೆ ಹಿಡಿಯಿತು ಎಂದು ತೋರಿಸುವ ಡ್ಯಾಶ್‌ಬೋರ್ಡ್ ಇದೆ ಎಂದುಕೊಳ್ಳಿ. ಗಿಟ್‌ಹಬ್ ಮೂಲಕ ಸೈನ್ ಇನ್ ಆಗುವ ಬಟನ್ ಒತ್ತಿದರೆ ಗಿಟ್‌ಹಬ್‌ನ ಒಪ್ಪಿಗೆ ಪುಟ ತೆರೆಯುತ್ತದೆ. ಬ್ರೌಸರಿನ ವಿಳಾಸದ ಸಾಲಿನಲ್ಲಿ ಕ್ಲೈಂಟ್ ಐಡಿಯ ಆಚೆಗೆ ‘ಸ್ಕೋಪ್=ರೆಪೊ’ ಎಂದಿರುತ್ತದೆ. ಸ್ಕೋಪ್ ಎಂದರೆ ಟೂಲ್ ಕೇಳುವ ಅಧಿಕಾರದ ವ್ಯಾಪ್ತಿ; ರೆಪೊ (ರೆಪೊಸಿಟರಿ) ಎಂದರೆ ಕೋಡನ್ನು ಅದರ ಹಿಸ್ಟರಿ ಸಮೇತ ಇಡುವ ಸಂಗ್ರಹ. ಪುಟದಲ್ಲಿ ಪಬ್ಲಿಕ್ ಮತ್ತು ಪ್ರೈವೇಟ್ ರೆಪೊಗಳ ಬಗ್ಗೆ ಒಂದು ಸಾಲು, ಕೆಳಗೆ ಹಸಿರು ಬಟನ್. ಡೆಮೊ ನೋಡುವ ಆತುರದಲ್ಲಿರುವ ಎಂಜಿನಿಯರ್ ಆ ಸಾಲನ್ನು ಬಿಡಿಸಿ ಓದುವುದಿಲ್ಲ, ಬಟನ್ ಒತ್ತುತ್ತಾನೆ. ನಿಮಗೂ ಅದು ಗೊತ್ತಿದೆ.

ಆ ಒಂದು ಪದ ಕೊಡುವ ಅಧಿಕಾರ ಎಷ್ಟು ಎಂಬುದನ್ನು ಗಿಟ್‌ಹಬ್‌ನ ದಾಖಲೆಗಳೇ ಹೇಳುತ್ತವೆ. ಬಟನ್ ಒತ್ತಿದವರ ಕೈಗೆಟುಕುವ ಪಬ್ಲಿಕ್, ಪ್ರೈವೇಟ್ ರೆಪೊಗಳೆಲ್ಲದರ ಕೋಡನ್ನು ಓದುವುದು, ಬರೆಯುವುದು, ಕಮಿಟ್ (ಕೋಡಿನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಸ್ಟೇಟಸ್, ಡಿಪ್ಲಾಯ್‌ಮೆಂಟ್ ಸ್ಟೇಟಸ್ ಬದಲಿಸುವುದು, ವೆಬ್‌ಹುಕ್ (ಏನಾದರೂ ನಡೆದಾಗ ಬೇರೆ ಸರ್ವರ್‌ಗೆ ತಾನಾಗಿ ಹೋಗುವ ಸಂದೇಶ) ಹಾಕುವುದು, ತೆಗೆಯುವುದು, ಕೊಲ್ಯಾಬರೇಟರ್‌ಗಳನ್ನು ಆಹ್ವಾನಿಸುವುದು. ಇಷ್ಟೇ ಅಲ್ಲ, ಸಂಸ್ಥೆಗೆ ಸೇರಿದ ಪ್ರಾಜೆಕ್ಟ್‌ಗಳು, ಆಹ್ವಾನಗಳು, ಟೀಮ್ ಸದಸ್ಯತ್ವಗಳನ್ನು ನಿಭಾಯಿಸುವುದೂ ಇದರಲ್ಲೇ ಸೇರಿದೆ. ಪುಲ್ ರಿಕ್ವೆಸ್ಟ್‌ಗಳನ್ನು ಎಣಿಸಲು ಇವುಗಳಲ್ಲಿ ಯಾವುದು ಬೇಕು? ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಬೆರಳು ಕೊಡುವಾಗಲೇ ಹಸ್ತವೂ ಹೋಗಿರುತ್ತದೆ, ಕೊಟ್ಟವರಿಗೆ ಗೊತ್ತಾಗುವುದಿಲ್ಲ.

ನೀವು ಕೊಡುವ ಸಮಜಾಯಿಷಿಯಲ್ಲಿ ಒಂದು ನಿಜವಿದೆ, ಅದನ್ನು ಒಪ್ಪುತ್ತೇನೆ. ಗಿಟ್‌ಹಬ್‌ನ ಓ-ಆಥ್ ಆ್ಯಪ್‌ಗಳಿಗೆ (ಪಾಸ್‌ವರ್ಡ್ ಪಡೆಯದೆ, ಮೇಲಿನಂತೆ ಒಪ್ಪಿಗೆ ಪುಟದ ಮೂಲಕ ಅಧಿಕಾರ ಪಡೆಯುವ ಆ್ಯಪ್‌ಗಳಿಗೆ) ‘ಪ್ರೈವೇಟ್ ರೆಪೊ ಓದುವುದು ಮಾತ್ರ’ ಎಂಬ ಸ್ಕೋಪೇ ಇಲ್ಲ. ಓದಲು ಕೇಳಿದರೂ ಬರೆಯುವ ಅಧಿಕಾರ ಅಂಟಿಕೊಂಡೇ ಬರುತ್ತದೆ. ಒಂದೇ ಒಂದು ರೆಪೊ ಸಾಕು ಎಂದರೂ ಎಲ್ಲವೂ ಬರುತ್ತವೆ. ಅದು ಗಿಟ್‌ಹಬ್ ಕಟ್ಟಿದ ರೀತಿಯ ದೋಷ, ನಿಮ್ಮದಲ್ಲ. ಆದರೆ ಗಿಟ್‌ಹಬ್ ಆ್ಯಪ್ ಎಂಬ ಬೇರೆ ದಾರಿ 2017ರಿಂದ ತೆರೆದಿದೆ. ಅಲ್ಲಿ ಪರ್ಮಿಷನ್‌ಗಳನ್ನು ಬಿಡಿಬಿಡಿಯಾಗಿ ಕೇಳಬಹುದು, ಪ್ರತಿಯೊಂದರಲ್ಲೂ ಓದುವುದು ಮಾತ್ರವೇ, ಬರೆಯುವುದೂ ಸೇರಿಯೇ ಎಂದು ಹೇಳಬಹುದು, ಯಾವ ರೆಪೊಗಳು ಎಂಬುದನ್ನು ಗ್ರಾಹಕರೇ ಆರಿಸಬಹುದು. ಇಷ್ಟು ವರ್ಷಗಳಾದ ಮೇಲೂ ಹೊಸ ಟೂಲ್‌ಗಳು ‘ರೆಪೊ’ ಸ್ಕೋಪ್ ಹಿಡಿದುಕೊಂಡು ಬರುತ್ತಿರುವುದಕ್ಕೆ ಗಿಟ್‌ಹಬ್‌ನ ಮೇಲೆ ಬೊಟ್ಟು ಮಾಡಲಾಗದು. ಗಿಟ್‌ಲ್ಯಾಬ್‌ನಲ್ಲಂತೂ ಓದಲಷ್ಟೇ ಬಿಡುವ ‘ರೀಡ್_ರೆಪೊಸಿಟರಿ’, ‘ರೀಡ್_ಎಪಿಐ’ ಸ್ಕೋಪ್‌ಗಳು ಇದ್ದರೂ ‘ಎಪಿಐ’ ಎಂಬ ಪೂರ್ಣಾಧಿಕಾರವನ್ನೇ ಕೇಳುವ ಟೂಲ್‌ಗಳಿವೆ.

ಈ ಒಪ್ಪಿಗೆ ಯಾರದ್ದು ಎಂಬುದನ್ನೂ ಯೋಚಿಸಿ. ಒತ್ತಿದ್ದು ಒಬ್ಬ ವ್ಯಕ್ತಿ, ತೆರೆದುಕೊಳ್ಳುವುದು ಹಲವರ ಆಸ್ತಿ. ಫ್ರೀಲಾನ್ಸ್ ಮಾಡುವ ಒಬ್ಬರ ಖಾತೆಗೆ ಮೂರು ಗ್ರಾಹಕ ಸಂಸ್ಥೆಗಳ ಪ್ರೈವೇಟ್ ರೆಪೊಗಳು ಸೇರಿದ್ದರೆ, ಒಂದು ಸಂಸ್ಥೆಯ ಕೆಲಸಕ್ಕೆಂದು ಕೊಟ್ಟ ಓ-ಆಥ್ ಟೋಕನ್ (ಒಪ್ಪಿಗೆಯ ಮೇಲೆ ಟೂಲಿಗೆ ಸಿಗುವ ಡಿಜಿಟಲ್ ಕೀಲಿ) ಉಳಿದೆರಡರ ಬಾಗಿಲನ್ನೂ ತೆರೆಯಬಲ್ಲದು. ಸಂಸ್ಥೆಯವರು ಓ-ಆಥ್ ಆ್ಯಪ್‌ಗಳಿಗೆ ತಡೆ ಹಾಕಿದ್ದರೆ ಮಾತ್ರ ತಪ್ಪೀತು. ಹೊಸದಾಗಿ ತೆರೆಯುವ ಸಂಸ್ಥೆಗಳಲ್ಲಿ ಆ ತಡೆ ಮೊದಲಿನಿಂದಲೇ ಚಾಲೂ ಇರುತ್ತದೆ. ಯಾರೋ ಅವಸರಕ್ಕೆ ಅದನ್ನು ತೆಗೆದುಹಾಕಿದ ಸಂಸ್ಥೆಗಳಲ್ಲಿ ಯಾವ ಸದಸ್ಯ ಯಾವ ಟೂಲಿಗೆ ಹೂಂ ಅಂದರೂ ಸಂಸ್ಥೆಯ ಕೋಡ್ ಹೊರಗೆ ಹೋಗಬಹುದು, ಮಾಲೀಕರಿಗೆ ಸುಳಿವೂ ಸಿಗದು.

ಇನ್ನು ಆಯುಷ್ಯದ ವಿಷಯ. ಓ-ಆಥ್ ಆ್ಯಪ್‌ನ ಟೋಕನ್ನಿಗೆ ಅವಧಿ ಮುಗಿಯುವ ದಿನವಿಲ್ಲ. ಒಂದು ವರ್ಷ ಬಳಕೆಯೇ ಆಗದಿದ್ದರೆ ಗಿಟ್‌ಹಬ್ ತಾನಾಗಿ ರದ್ದು ಮಾಡುತ್ತದೆ, ಅಷ್ಟೇ. ಆದರೆ ನಿಮ್ಮ ಸರ್ವರ್ ರಾತ್ರಿ ರಾತ್ರಿ ಸಿಂಕ್ ಮಾಡುತ್ತಲೇ ಇರುತ್ತದಲ್ಲ? 14 ದಿನದ ಟ್ರಯಲ್ ಮುಗಿಸಿ ಮತ್ತೆ ಇತ್ತ ತಲೆ ಹಾಕದ ಗ್ರಾಹಕರ ಟೋಕನ್ ಕೂಡ ಆ ಸಿಂಕ್‌ನ ದೆಸೆಯಿಂದ ‘ಬಳಕೆಯಲ್ಲಿದೆ’ ಎಂದೇ ಲೆಕ್ಕಕ್ಕೆ ಸೇರುತ್ತದೆ. ಹೀಗೆ ವರ್ಷಗಟ್ಟಲೆ ಯಾರಿಗೂ ಬೇಡದ, ಆದರೂ ಜೀವಂತವಾಗಿರುವ ಕೀಲಿಗಳು ನಿಮ್ಮ ಡೇಟಾಬೇಸಿನಲ್ಲಿ ರಾಶಿ ಬಿದ್ದಿರುತ್ತವೆ.

ಆ ರಾಶಿ ಕಳುವಾದರೆ ಏನಾಗುತ್ತದೆ ಎಂಬುದನ್ನು 2022ರ ಏಪ್ರಿಲ್ ತೋರಿಸಿಕೊಟ್ಟಿತು. ಆ್ಯಪ್‌ಗಳನ್ನು ಓಡಿಸಿಕೊಡುವ ಹೆರೋಕು ಮತ್ತು ಕೋಡನ್ನು ತಾನಾಗಿ ಪರೀಕ್ಷಿಸುವ ಟ್ರಾವಿಸ್ ಸಿಐ ಎಂಬ ಎರಡು ಸೇವೆಗಳಿಗೆ ಗ್ರಾಹಕರು ಕೊಟ್ಟಿದ್ದ ಓ-ಆಥ್ ಟೋಕನ್‌ಗಳು ಕಳ್ಳರ ಕೈಗೆ ಸಿಕ್ಕವು. ಏಪ್ರಿಲ್ 12ರಂದು ಗಿಟ್‌ಹಬ್‌ಗೆ ಇದರ ವಾಸನೆ ಹತ್ತಿತು, 15ರಂದು ಬಹಿರಂಗಪಡಿಸಿತು. ಅಷ್ಟರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂ ಸೇರಿದಂತೆ ಹತ್ತಾರು ಸಂಸ್ಥೆಗಳ ಪ್ರೈವೇಟ್ ರೆಪೊಗಳು ಡೌನ್‌ಲೋಡ್ ಆಗಿದ್ದವು. ಕಳ್ಳರು ಮಾಡಿದ ಕ್ರಮವನ್ನು ಗಮನಿಸಿ: ಟೋಕನ್ ಯಾವ ಯಾವ ಸಂಸ್ಥೆಗಳಿಗೆ ದಾರಿ ಕೊಡುತ್ತದೆ ಎಂದು ಮೊದಲು ಪಟ್ಟಿ ಮಾಡಿದರು, ಬೇಕಾದವರನ್ನು ಆರಿಸಿಕೊಂಡರು, ಅವರ ಪ್ರೈವೇಟ್ ರೆಪೊಗಳ ಪಟ್ಟಿ ತೆಗೆದರು, ಕೆಲವನ್ನು ಕ್ಲೋನ್ (ನಕಲು) ಮಾಡಿಕೊಂಡರು. ಎಲ್ಲವೂ ಗಿಟ್‌ಹಬ್‌ನ ಅಧಿಕೃತ ಎಪಿಐ (ಪ್ರೋಗ್ರಾಂಗಳು ಗಿಟ್‌ಹಬ್ ಜೊತೆ ವ್ಯವಹರಿಸುವ ದಾರಿ) ಮೂಲಕವೇ, ಒಪ್ಪಿಗೆ ಪಡೆದ ಟೋಕನ್ ತೋರಿಸಿಯೇ. ಪಾಸ್‌ವರ್ಡ್ ಬೇಕಾಗಲಿಲ್ಲ, ಗ್ರಾಹಕರ ಎರಡು ಹಂತದ ದೃಢೀಕರಣ ಅಡ್ಡ ಬರಲಿಲ್ಲ. ಆ ಎರಡು ಸೇವೆಗಳ ಟೋಕನ್‌ಗಳು ಆಯ್ದ ರೆಪೊಗಳಿಗೆ ಮಾತ್ರ ಸೀಮಿತವಾಗಿದ್ದಿದ್ದರೆ ಈ ಪಟ್ಟಿ ಮಾಡುವ ಮೊದಲ ಹೆಜ್ಜೆಯೇ ಬಹುಪಾಲು ಬರಿದಾಗುತ್ತಿತ್ತು.

ಹಾನಿ ಕೋಡಿಗೇ ನಿಲ್ಲಲಿಲ್ಲ. ಕ್ಲೋನ್ ಆದ ರೆಪೊಗಳೊಳಗೆ ಸಿಕ್ಕಿದ್ದೆಂದು ನಂಬಲಾದ ಒಂದು ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಕೀಲಿಯಿಂದ ಎನ್‌ಪಿಎಂನ ಮೂಲ ವ್ಯವಸ್ಥೆಗೆ ದಾರಿಯಾಯಿತು. ಅಲ್ಲಿ 2015ರ ಹಳೆಯ ಬ್ಯಾಕಪ್ ಒಂದಿತ್ತು. ಸುಮಾರು 1 ಲಕ್ಷ ಬಳಕೆದಾರರ ಹೆಸರು, ಇಮೇಲ್, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಮರೆಮಾಚಿದ ರೂಪ) ಅದರಲ್ಲಿದ್ದವು. ಏಳು ವರ್ಷ ಹಿಂದೆ ಎನ್‌ಪಿಎಂ ಖಾತೆ ತೆರೆದ ಯಾರೋ ಒಬ್ಬರು ಹೆರೋಕು ಹೆಸರನ್ನೇ ಕೇಳಿರಲಿಕ್ಕಿಲ್ಲ. ಅವರ ಮಾಹಿತಿ ಹೋದದ್ದು ಬೇರೆ ಯಾರೋ ಒತ್ತಿದ ಒಂದು ಬಟನ್ನಿಂದ.

‘ನಾವು ಟೋಕನ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತೇವೆ’ ಎಂದು ನಿಮ್ಮ ಭದ್ರತಾ ಪುಟದಲ್ಲಿ ಬರೆದಿರುತ್ತೀರಿ. ಟೆಸ್ಟ್ ಓಡಿಸುವ ಸೇವೆಯಾದ ಸರ್ಕಲ್‌ಸಿಐ ಕೂಡ ಹಾಗೆಯೇ ಇಟ್ಟಿತ್ತು. 2022ರ ಡಿಸೆಂಬರ್ 16ರಂದು ಅಲ್ಲಿನ ಒಬ್ಬ ಎಂಜಿನಿಯರ್‌ನ ಲ್ಯಾಪ್‌ಟಾಪಿಗೆ ಮಾಲ್‌ವೇರ್ ಹೊಕ್ಕಿತು, ಎರಡು ಹಂತದ ದೃಢೀಕರಣ ಮುಗಿದ ನಂತರದ ಸೆಷನ್ ಕುಕೀಯನ್ನು (ಲಾಗಿನ್ ಆಗಿರುವುದರ ಗುರುತನ್ನು) ಕದ್ದಿತು. ಆ ಎಂಜಿನಿಯರ್‌ಗೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ನಿಜ ವ್ಯವಸ್ಥೆಯ) ಟೋಕನ್ ತಯಾರಿಸುವ ಅಧಿಕಾರವಿತ್ತು. 22ರಂದು ಮಾಹಿತಿ ಹೊರಗೆ ಹೋಯಿತು. ಮಾಹಿತಿ ಎನ್‌ಕ್ರಿಪ್ಟ್ ಆಗಿತ್ತು ನಿಜ. ಆದರೆ ಓಡುತ್ತಿದ್ದ ಪ್ರೋಸೆಸ್‌ನಿಂದ ಎನ್‌ಕ್ರಿಪ್ಷನ್ ಕೀಲಿಯನ್ನೇ ಎತ್ತಿಕೊಂಡಿದ್ದರು. 29ರಂದು ತನ್ನ ಗಿಟ್‌ಹಬ್ ಓ-ಆಥ್ ಚಟುವಟಿಕೆ ವಿಚಿತ್ರವಾಗಿದೆ ಎಂದು ಎಚ್ಚರಿಸಿದ್ದು ಒಬ್ಬ ಗ್ರಾಹಕ. 2023ರ ಜನವರಿ 4ರಂದು, ನಮ್ಮಲ್ಲಿಟ್ಟ ಎಲ್ಲ ಸೀಕ್ರೆಟ್‌ಗಳನ್ನೂ (ಪಾಸ್‌ವರ್ಡ್, ಕೀಲಿ, ಟೋಕನ್‌ಗಳನ್ನು) ಬದಲಿಸಿ ಎಂದು ಸರ್ಕಲ್‌ಸಿಐ ಎಲ್ಲ ಗ್ರಾಹಕರಿಗೂ ಹೇಳಬೇಕಾಯಿತು. ಎನ್‌ಕ್ರಿಪ್ಷನ್ ಬೇಡವೆಂದು ನಾನು ಹೇಳುತ್ತಿಲ್ಲ. ಟೋಕನ್ ಬಳಸುವ ಸರ್ವರ್‌ಗೆ ಅದನ್ನು ಬಿಚ್ಚುವ ಕೀಲಿಯೂ ಗೊತ್ತಿರಲೇಬೇಕು. ಆದ್ದರಿಂದ ಕಳುವಾದ ಮೇಲೆ ನಷ್ಟ ಎಷ್ಟು ಎಂಬುದನ್ನು ನಿರ್ಧರಿಸುವುದು ಆ ಟೋಕನ್ನಿನ ಒಳಗಿರುವ ಅಧಿಕಾರವೇ.

ಬರೆಯುವ ಅಧಿಕಾರದ ಅಪಾಯವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಅನುಭವಿಗಳೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಮೇನ್ ಬ್ರಾಂಚಿಗೆ ರಕ್ಷಣೆ ಹಾಕಿದ್ದೇವೆ, ರಿವ್ಯೂ ಇಲ್ಲದೆ ಏನೂ ಒಳಗೆ ಬರದು’ ಎನ್ನುತ್ತಾರೆ. (ಬ್ರಾಂಚ್ ಎಂದರೆ ಕೋಡಿನ ಒಂದು ಕವಲು, ಮೇನ್ ಎಂದರೆ ಮುಖ್ಯ ಕವಲು.) ಟೋಕನ್ ಕದ್ದವರಿಗೆ ಮೇನ್ ಬ್ರಾಂಚ್ ಬೇಕಾಗಿಯೇ ಇಲ್ಲ. ಹೊಸ ಬ್ರಾಂಚ್ ಮಾಡಿ, ಪ್ಯಾಕೇಜ್ ಫೈಲಿನ ಟೆಸ್ಟ್ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿ ಪುಶ್ ಮಾಡಿದರೆ (ರೆಪೊಗೆ ಕಳಿಸಿದರೆ) ಸಾಕು. ಪ್ರತಿ ಪುಶ್‌ಗೂ ಓಡುವಂತೆ ಬರೆದಿಟ್ಟ ವರ್ಕ್‌ಫ್ಲೋ (ತಾನಾಗಿ ನಡೆಯುವ ಕೆಲಸಗಳ ಪಟ್ಟಿ) ಇದ್ದರೆ ಅದು ಆ ಸಾಲನ್ನೂ ಓಡಿಸುತ್ತದೆ, ಆ ಜಾಬ್‌ಗೆ ಒದಗಿಸಿದ ಸೀಕ್ರೆಟ್‌ಗಳೂ ಆ ಸಾಲಿನ ಕೈಗೆ ಸಿಗುತ್ತವೆ. ವರ್ಕ್‌ಫ್ಲೋ ಫೈಲನ್ನು ತಿದ್ದಲು ‘ವರ್ಕ್‌ಫ್ಲೋ’ ಎಂಬ ಪ್ರತ್ಯೇಕ ಸ್ಕೋಪ್ ಬೇಕು, ಸರಿ. ಆದರೆ ಇಲ್ಲಿ ಆ ಫೈಲನ್ನು ಮುಟ್ಟಲೇ ಇಲ್ಲ. ಕೆಲಸ ಮುಗಿದ ಮೇಲೆ ಬ್ರಾಂಚ್ ಅಳಿಸಿಬಿಟ್ಟರೆ ಯಾರ ಕಣ್ಣಿಗೂ ಬೀಳದೇ ಹೋಗಬಹುದು. ಒಂದು ಸಾಲಿಗೆ ಎಷ್ಟು ಬಲವಿದೆ ಎಂಬುದಕ್ಕೆ 2021ರ ಕೋಡ್‌ಕವ್ ಪ್ರಕರಣವೇ ಸಾಕ್ಷಿ. ಟೆಸ್ಟ್‌ಗಳು ಕೋಡಿನ ಎಷ್ಟು ಭಾಗವನ್ನು ಮುಟ್ಟುತ್ತವೆ ಎಂದು ಅಳೆಯುವ ಟೂಲ್ ಅದು. ಅದರ ಅಪ್‌ಲೋಡರ್ ಸ್ಕ್ರಿಪ್ಟಿನಲ್ಲಿ ಬದಲಾಗಿದ್ದದ್ದು ಒಂದು ಸಾಲು; ಅದು ರೆಪೊದ ರಿಮೋಟ್ ವಿಳಾಸವನ್ನೂ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೂ (ಪ್ರೋಗ್ರಾಂ ಓಡುವಾಗ ಅದಕ್ಕೆ ಒದಗಿಸುವ, ಎಷ್ಟೋ ಸಲ ಸೀಕ್ರೆಟ್‌ಗಳೂ ಇರುವ ಮೌಲ್ಯಗಳು) ಹೊರಗಿನ ಸರ್ವರ್‌ಗೆ ಕಳಿಸುತ್ತಿತ್ತು. ಜನವರಿ 31ರಿಂದ ನಡೆದದ್ದು ಬೆಳಕಿಗೆ ಬಂದದ್ದು ಏಪ್ರಿಲ್ 1ರಂದು, ಒಬ್ಬ ಗ್ರಾಹಕ ಡೌನ್‌ಲೋಡ್ ಮಾಡಿದ ಸ್ಕ್ರಿಪ್ಟಿನ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ತಾಳೆ ನೋಡಿದ್ದರಿಂದ.

ಹಾಗಾದರೆ ನೀವು ಏನು ಮಾಡಬೇಕು? ಓ-ಆಥ್ ಆ್ಯಪ್ ಬಿಟ್ಟು ಗಿಟ್‌ಹಬ್ ಆ್ಯಪ್‌ಗೆ ಬನ್ನಿ. ಬಂದ ಮೇಲೆ ಕೆಲಸಕ್ಕೆ ತಕ್ಕಷ್ಟೇ ಕೇಳಿ. ಮೇಲೆ ಹೇಳಿದ ಡ್ಯಾಶ್‌ಬೋರ್ಡಿಗೆ ಮೆಟಾಡೇಟಾ (ರೆಪೊದ ಹೆಸರು ಮುಂತಾದ ವಿವರ) ಮತ್ತು ಪುಲ್ ರಿಕ್ವೆಸ್ಟ್ ಎರಡನ್ನು ಓದುವ ಪರ್ಮಿಷನ್ ಸಾಕು. ಕೋಡಿನ ಒಂದಕ್ಷರವೂ ಅದಕ್ಕೆ ಕಾಣಬೇಕಿಲ್ಲ. ಟೆಸ್ಟ್ ಪಾಸೋ ಫೇಲೋ ಎಂದು ಗುರುತು ಹಾಕುವ ಟೂಲಿಗೆ ‘ಚೆಕ್ಸ್’ ಬರೆಯುವ ಪರ್ಮಿಷನ್ ಕೊಟ್ಟರಾಯಿತು. ಕೋಡ್ ರಿವ್ಯೂ ಮಾಡುವ ಎಐ ಟೂಲಿಗೆ ‘ಕಂಟೆಂಟ್ಸ್’ (ರೆಪೊದ ಫೈಲುಗಳು) ಓದುವುದು ಬೇಕು, ಪುಲ್ ರಿಕ್ವೆಸ್ಟಿನಲ್ಲಿ ಕಮೆಂಟ್ ಹಾಕಲು ಅಲ್ಲಿ ಬರೆಯುವುದು ಬೇಕು. ಕಂಟೆಂಟ್ಸ್‌ನಲ್ಲಿ ಬರೆಯುವುದು ಬೇಡ. ಲೈಬ್ರರಿ ಅಪ್‌ಡೇಟ್ ಮಾಡುವ ಟೂಲಿಗೆ ಬರೆಯುವ ಅಧಿಕಾರ ನಿಜಕ್ಕೂ ಬೇಕು, ಅದನ್ನು ಕೇಳಿ, ಏಕೆ ಬೇಕೆಂದು ಅಲ್ಲೇ ಹೇಳಿ. ನಿಮ್ಮ ಟೂಲ್ ಓದುವುದು ಒಂದೇ ಒಂದು ಕಾನ್ಫಿಗ್ ಫೈಲನ್ನಾದರೆ ‘ಸಿಂಗಲ್ ಫೈಲ್’ ಎಂಬ ಪರ್ಮಿಷನ್ ಇದೆ. ಹತ್ತು ಫೈಲುಗಳವರೆಗೆ ದಾರಿಯನ್ನು ಹೆಸರಿಸಿ ಅಷ್ಟನ್ನೇ ಪಡೆಯಬಹುದು. ಇದನ್ನು ಬಳಸುವ ಟೂಲ್‌ಗಳು ಬಲು ಕಡಿಮೆ ಎಂಬುದು ಬೇಸರದ ಸಂಗತಿ. ‘ಅಡ್ಮಿನಿಸ್ಟ್ರೇಷನ್’, ‘ಸೀಕ್ರೆಟ್ಸ್’, ‘ವರ್ಕ್‌ಫ್ಲೋಸ್’ ಈ ಮೂರನ್ನು ‘ಮುಂದೆ ಬೇಕಾದೀತು’ ಎಂದು ಮೊದಲೇ ಗುಡ್ಡೆ ಹಾಕಿಕೊಳ್ಳಬೇಡಿ. ಮುಂದೆ ಬೇಕಾದಾಗ ಕೇಳಲು ವ್ಯವಸ್ಥೆ ಇದೆ: ಆ್ಯಪ್ ಹೊಸ ಪರ್ಮಿಷನ್ ಕೇಳಿದರೆ ರೆಪೊದ ಮಾಲೀಕರಿಗೆ ಸೂಚನೆ ಹೋಗುತ್ತದೆ, ಅವರು ಒಪ್ಪುವವರೆಗೆ ಹಳೆಯ ಪರ್ಮಿಷನ್‌ಗಳಲ್ಲೇ ಟೂಲ್ ನಡೆಯುತ್ತದೆ.

ಬದಲಾವಣೆಯ ಕ್ರಮವೂ ಕಷ್ಟದ್ದಲ್ಲ. ಹೊಸ ಗಿಟ್‌ಹಬ್ ಆ್ಯಪ್ ನೋಂದಾಯಿಸಿ, ಹಳೆಯದರ ಜೊತೆಗೇ ನಡೆಸಿ. ಗ್ರಾಹಕರು ಮುಂದಿನ ಸಲ ಲಾಗಿನ್ ಆದಾಗ ಇನ್‌ಸ್ಟಾಲ್ ಪುಟಕ್ಕೆ ಕಳಿಸಿ, ಅಲ್ಲಿ ಬೇಕಾದ ರೆಪೊಗಳನ್ನು ಮಾತ್ರ ಆರಿಸಲು ಹೇಳಿ. ‘ಎಲ್ಲ ರೆಪೊಗಳು’ ಎಂಬುದನ್ನು ಆರಿಸಿದರೆ ನಾಳೆ ಹುಟ್ಟುವ ರೆಪೊಗಳೂ ಅದರಲ್ಲಿ ಸೇರುತ್ತವೆ ಎಂಬುದನ್ನು ನಿಮ್ಮ ಸಹಾಯ ಪುಟದಲ್ಲಿ ಬರೆಯಿರಿ. ಹೊಸ ಇನ್‌ಸ್ಟಾಲೇಷನ್ನಿನಿಂದ ಮಾಹಿತಿ ಬರತೊಡಗಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಹಳೆಯ ಓ-ಆಥ್ ಒಪ್ಪಿಗೆಯನ್ನು ನೀವೇ ಎಪಿಐ ಮೂಲಕ ರದ್ದು ಮಾಡಿ. ಆ್ಯಪ್‌ನ ಮಾಲೀಕರಿಗೆ ಅದಕ್ಕೆಂದೇ ಒಂದು ಕರೆ ಇದೆ. ಈ ಕೊನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ಆಗ ಗ್ರಾಹಕರ ಖಾತೆಯಲ್ಲಿ ಹೊಸ ಕಿರಿದಾದ ಕೀಲಿಯೂ ಹಳೆಯ ದೊಡ್ಡ ಕೀಲಿಯೂ ಎರಡೂ ಉಳಿಯುತ್ತವೆ.

ಆದರೆ ಗಿಟ್‌ಹಬ್ ಆ್ಯಪ್‌ಗೆ ಬಂದ ಮಾತ್ರಕ್ಕೆ ಜವಾಬ್ದಾರಿ ಮುಗಿಯುವುದಿಲ್ಲ. ಇನ್‌ಸ್ಟಾಲೇಷನ್ ಟೋಕನ್ ಒಂದು ಗಂಟೆಗೆ ಸಾಯುತ್ತದೆ, ಒಳ್ಳೆಯದು. ಆದರೆ ಅಂಥ ಟೋಕನ್‌ಗಳನ್ನು ಹುಟ್ಟಿಸುವ ಪ್ರೈವೇಟ್ ಕೀ ನಿಮ್ಮಲ್ಲಿದೆ. ಅದು ಸಿಕ್ಕವರು ನಿಮ್ಮ ಎಲ್ಲ ಗ್ರಾಹಕರ ಟೋಕನ್‌ಗಳನ್ನೂ ಹುಟ್ಟಿಸಬಲ್ಲರು. 2025ರ ಆಗಸ್ಟಿನಲ್ಲಿ ಭದ್ರತಾ ಸಂಶೋಧಕರು ಕೋಡ್‌ರ‍್ಯಾಬಿಟ್ ಎಂಬ ಎಐ ರಿವ್ಯೂ ಟೂಲಿನಲ್ಲಿ ತಾವು ಕಂಡಿದ್ದ, ಅಷ್ಟರಲ್ಲಿ ಸರಿಪಡಿಸಲಾಗಿದ್ದ ದೋಷವನ್ನು ಪ್ರಕಟಿಸಿದರು. ರೂಬಿ ಕೋಡನ್ನು ಪರೀಕ್ಷಿಸುವ ರೂಬೊಕಾಪ್‌ನ ಕಾನ್ಫಿಗ್ ಫೈಲನ್ನು ಪುಲ್ ರಿಕ್ವೆಸ್ಟಿನಲ್ಲಿ ಇಟ್ಟು, ಅದರಿಂದ ತಮ್ಮದೊಂದು ಫೈಲನ್ನು ಲೋಡ್ ಮಾಡಿಸಿದರು. ಆ ಪರೀಕ್ಷೆ ಸರಿಯಾದ ಸ್ಯಾಂಡ್‌ಬಾಕ್ಸ್ (ಉಳಿದದ್ದರಿಂದ ಬೇರ್ಪಡಿಸಿದ ಜಾಗ) ಇಲ್ಲದೆ ಪ್ರೊಡಕ್ಷನ್ ಸರ್ವರಿನಲ್ಲಿ ನಡೆಯುತ್ತಿತ್ತು. ಅದೇ ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಗಿಟ್‌ಹಬ್ ಆ್ಯಪ್‌ನ ಪ್ರೈವೇಟ್ ಕೀ ಇತ್ತು. ಅದರಿಂದ ಹತ್ತು ಲಕ್ಷ ರೆಪೊಗಳಿಗೆ ದಾರಿಯಿತ್ತು ಎಂದು ಸಂಶೋಧಕರು ತೋರಿಸಿದರು. ಸಂಸ್ಥೆಯವರು ವರದಿ ಬಂದ ಕೂಡಲೇ ಕ್ರಮ ಕೈಗೊಂಡರು ಎಂಬುದನ್ನೂ ಹೇಳಬೇಕು.

ಇದರಿಂದ ನಿಮ್ಮ ಎಂಜಿನಿಯರುಗಳು ತೆಗೆದುಕೊಳ್ಳಬೇಕಾದ ಕ್ರಮಗಳು ನೇರವಾಗಿವೆ. ಗ್ರಾಹಕರ ಕೋಡನ್ನು, ಕಾನ್ಫಿಗ್ ಫೈಲುಗಳನ್ನು ಓಡಿಸುವ ಯಂತ್ರದಲ್ಲಿ ಪ್ರೈವೇಟ್ ಕೀ ಇರಲೇಬಾರದು. ಕೀಲಿ ಕೆಎಂಎಸ್‌ನಂಥ (ಕೀಲಿಗಳನ್ನು ಕಾಯಲೆಂದೇ ಇರುವ) ಬೇರೆ ಸೇವೆಯಲ್ಲಿರಲಿ, ಸಹಿ ಮಾತ್ರ ಅಲ್ಲಿಂದ ಬರಲಿ. ಟೋಕನ್ ಪಡೆಯುವಾಗ ಆ ಕೆಲಸಕ್ಕೆ ಬೇಕಾದ ಒಂದು ರೆಪೊದ ಐಡಿಯನ್ನೂ ಬೇಕಾದ ಪರ್ಮಿಷನ್ನನ್ನೂ ಕರೆಯಲ್ಲೇ ಕಳಿಸಿ. ಎಪಿಐ ಇದನ್ನು ಒಪ್ಪುತ್ತದೆ, ಟೋಕನ್ ಅಷ್ಟಕ್ಕೇ ಇಳಿಯುತ್ತದೆ. ಓಡಿಸುವ ಕಂಟೇನರಿಗೆ ಹೊರಗಿನ ನೆಟ್‌ವರ್ಕ್ ಮುಚ್ಚಿರಲಿ. ಒಳಬರುವ ವೆಬ್‌ಹುಕ್ಕಿನ ಸಹಿಯನ್ನು ಎಸ್‌ಎಚ್‌ಎ-256 ಹೆಡರಿನಿಂದ ಪ್ರತಿ ಸಲವೂ ತಾಳೆ ನೋಡಿ.

ಇನ್ನು ಖಾಸಗಿ ಮಾಹಿತಿಯ ಮಾತು. ರೆಪೊ ಎಂದರೆ ಬರೀ ಕೋಡ್ ಎಂದು ನಿಮ್ಮ ಪ್ರೈವಸಿ ಪುಟಗಳು ನಡೆದುಕೊಳ್ಳುತ್ತವೆ. ಪ್ರತಿ ಕಮಿಟ್‌ನಲ್ಲೂ ಬರೆದವರ ಹೆಸರು, ಇಮೇಲ್, ಸಮಯ ಇರುತ್ತದೆ. ಯಾರು ರಾತ್ರಿ ಎಷ್ಟು ಗಂಟೆಗೆ ಕೆಲಸ ಮಾಡಿದರು ಎಂಬುದು ಆ ಸಮಯಗಳಿಂದಲೇ ಗೊತ್ತಾಗುತ್ತದೆ. ಟೆಸ್ಟ್ ಫೋಲ್ಡರಿನಲ್ಲಿ ಪ್ರೊಡಕ್ಷನ್ನಿನಿಂದ ತೆಗೆದ ಸಿಎಸ್‌ವಿ (ಕೋಷ್ಟಕದ ಫೈಲ್) ಇರುತ್ತದೆ, ಅದರಲ್ಲಿ ನಿಜವಾದ ಮೊಬೈಲ್ ನಂಬರುಗಳಿರುತ್ತವೆ. ಹಾಗೆ ಇಡಬಾರದು, ಅದು ನಮ್ಮ ಕಡೆಯ ತಪ್ಪು. ಆದರೂ ಇರುತ್ತದೆ. ಮೂರು ವರ್ಷದ ಹಿಂದೆ ಯಾರೋ ತಪ್ಪಿ ಕಮಿಟ್ ಮಾಡಿ ಮರುದಿನ ಅಳಿಸಿದ ಪಾಸ್‌ವರ್ಡ್ ಕೂಡ ಗಿಟ್ ಹಿಸ್ಟರಿಯಲ್ಲಿ ಹಾಗೇ ಉಳಿದಿರುತ್ತದೆ. ಲಾಗ್ ಅನ್ನು ಪ್ಯಾಚ್ ಸಮೇತ ತೆಗೆದರೆ ಸಾಲು ಸಾಲಾಗಿ ಕಾಣುತ್ತದೆ. ನೀವು ಪೂರ್ತಿ ಕ್ಲೋನ್ ಮಾಡಿದಾಗ ಇವೆಲ್ಲವೂ ನಿಮ್ಮ ಡಿಸ್ಕಿಗೆ ಬರುತ್ತವೆ. ಇವತ್ತಿನ ಕೋಡನ್ನಷ್ಟೇ ನೋಡುವ ಟೂಲ್ ಡೆಪ್ತ್ 1 ಎಂದು ಹೇಳಿ ಕ್ಲೋನ್ ಮಾಡಿದರೆ ಹಿಸ್ಟರಿ ಬರುವುದೇ ಇಲ್ಲ. ಒಂದು ಫ್ಲ್ಯಾಗ್, ಡಿಸ್ಕಿನ ಜಾಗವೂ ಉಳಿತಾಯ. ಇದನ್ನು ಮಾಡದಿರಲು ನನಗೆ ಕಾರಣವೇ ಕಾಣುವುದಿಲ್ಲ.

ಎಐ ಟೂಲ್ ಕಟ್ಟುವವರಿಗೆ ವಿಶೇಷವಾಗಿ ಹೇಳಬೇಕಾದ್ದಿದೆ. ಕೋಡ್ ನಿಮ್ಮಲ್ಲಿಗೆ ಬಂದು ಅಲ್ಲೇ ನಿಲ್ಲುವುದಿಲ್ಲ. ಭಾಷಾ ಮಾದರಿ ಒದಗಿಸುವ ಇನ್ನೊಂದು ಕಂಪನಿಗೆ ಹೋಗುತ್ತದೆ, ಹುಡುಕಾಟಕ್ಕೆಂದು ತುಂಡುತುಂಡಾಗಿ ವೆಕ್ಟರ್ ಡೇಟಾಬೇಸಿನಲ್ಲಿ (ಅರ್ಥದ ಹೋಲಿಕೆಯಿಂದ ಹುಡುಕುವ ಸಂಗ್ರಹದಲ್ಲಿ) ಕೂರುತ್ತದೆ, ದೋಷ ಹುಡುಕಲು ಲಾಗ್‌ಗಳಲ್ಲಿ ಉಳಿಯುತ್ತದೆ. ‘ನಿಮ್ಮ ಕೋಡನ್ನು ತರಬೇತಿಗೆ ಬಳಸುವುದಿಲ್ಲ’ ಎಂಬ ಒಂದು ವಾಕ್ಯ ಇದರಲ್ಲಿ ಯಾವುದಕ್ಕೂ ಉತ್ತರವಲ್ಲ. ಯಾವ ಕಂಪನಿಗೆ ಹೋಗುತ್ತದೆ, ಎಷ್ಟು ದಿನ ಅಲ್ಲಿರುತ್ತದೆ, ವೆಕ್ಟರ್ ಇಂಡೆಕ್ಸ್ ಯಾವ ದೇಶದ ಸರ್ವರಿನಲ್ಲಿದೆ, ಲಾಗ್‌ನಲ್ಲಿ ಕೋಡಿನ ಸಾಲುಗಳು ಬೀಳುತ್ತವೆಯೇ, ಇವನ್ನು ಹೆಸರು ಮತ್ತು ದಿನಗಳ ಲೆಕ್ಕದಲ್ಲಿ ಬರೆಯಿರಿ.

ಅಳಿಸುವುದಕ್ಕೂ ಇದೇ ಮಾತು. ಗ್ರಾಹಕರು ಆ್ಯಪ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿದ ಕ್ಷಣ ಗಿಟ್‌ಹಬ್ ನಿಮಗೆ ‘ಇನ್‌ಸ್ಟಾಲೇಷನ್’ ವೆಬ್‌ಹುಕ್ ಕಳಿಸುತ್ತದೆ, ಅದರಲ್ಲಿ ಕ್ರಿಯೆ ‘ಡಿಲೀಟೆಡ್’ ಎಂದಿರುತ್ತದೆ. ಒಂದು ರೆಪೊವನ್ನು ಮಾತ್ರ ಹಿಂತೆಗೆದರೂ ಬೇರೊಂದು ವೆಬ್‌ಹುಕ್ ಬರುತ್ತದೆ. ಅಂದರೆ ಯಾವಾಗ ಅಳಿಸಬೇಕು ಎಂಬುದು ನಿಮಗೆ ಅದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಆ ಸಂದೇಶಕ್ಕೆ ಕ್ಲೋನ್, ಕ್ಯಾಶ್, ಇಂಡೆಕ್ಸ್ ಮೂರನ್ನೂ ಅಳಿಸುವ ಕೆಲಸವನ್ನು ಜೋಡಿಸಿ, ಬ್ಯಾಕಪ್ಪಿನಿಂದ ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಹೇಳಿ. ‘ಡೇಟಾ ಅಳಿಸಲು ಇಮೇಲ್ ಮಾಡಿ’ ಎಂಬ ಕ್ರಮ ಸಾಲದು.

ಕಾನೂನೂ ಇದೇ ದಿಕ್ಕಿನಲ್ಲಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 6ನೇ ಸೆಕ್ಷನ್, ಒಪ್ಪಿಗೆ ಎನ್ನುವುದು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸೀಮಿತ ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ನಮ್ಮ ವಿಷಯಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ: ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ, ಬಳಕೆದಾರರು ಎರಡಕ್ಕೂ ಹೂಂ ಅಂದರೂ, ಆ ಪಟ್ಟಿ ವೈದ್ಯಕೀಯ ಸಲಹೆಗೆ ಬೇಕಿಲ್ಲದ್ದರಿಂದ ಒಪ್ಪಿಗೆ ಸಲಹೆಗಷ್ಟೇ ಸಲ್ಲುತ್ತದೆ. ಪುಲ್ ರಿಕ್ವೆಸ್ಟ್ ಎಣಿಸುವ ಟೂಲ್ ಮತ್ತು ಕಮಿಟ್ ಮಾಡಿದವರ ಇಮೇಲ್‌ಗಳ ನಡುವೆಯೂ ಇದೇ ಪ್ರಶ್ನೆ ಏಳುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳು ಅಧಿಸೂಚನೆಗೊಂಡಿವೆ, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ನಿಮ್ಮಂಥ ಟೂಲನ್ನು ಬಳಸುವ ಸಂಸ್ಥೆ, ತನ್ನ ಪರವಾಗಿ ನೀವು ಸಂಸ್ಕರಿಸುವ ಮಾಹಿತಿಗೂ ತಾನೇ ಹೊಣೆ. ಹಾಗಾಗಿ ನಿಮ್ಮ ಗ್ರಾಹಕರೇ ನಾಳೆ ಈ ಪ್ರಶ್ನೆಗಳನ್ನು ಕೇಳುತ್ತಾರೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಯಾವ ಟೋಕನ್ ಯಾವ ರೆಪೊವನ್ನು ಯಾವಾಗ ಮುಟ್ಟಿತು ಎಂಬ ದಾಖಲೆ ನಿಮ್ಮಲ್ಲಿಲ್ಲದಿದ್ದರೆ 6 ಗಂಟೆಯಲ್ಲಿ ಏನೆಂದು ವರದಿ ಮಾಡುತ್ತೀರಿ?

ನೀವು ಬದಲಾಗುವವರೆಗೆ ರೆಪೊಗಳ ಉಸ್ತುವಾರಿಯಲ್ಲಿರುವವರು ಕೈಕಟ್ಟಿ ಕೂರಬೇಕಿಲ್ಲ, ಅದನ್ನೂ ಇಲ್ಲೇ ಬರೆಯುತ್ತೇನೆ. ಅವರು ಗಿಟ್‌ಹಬ್‌ನಲ್ಲಿ ತಮ್ಮ ಸೆಟ್ಟಿಂಗ್ಸ್ ತೆರೆದು ಅಪ್ಲಿಕೇಶನ್ಸ್‌ಗೆ ಹೋದರೆ ಮೂರು ಪಟ್ಟಿಗಳಿವೆ: ಇನ್‌ಸ್ಟಾಲ್ ಆದ ಗಿಟ್‌ಹಬ್ ಆ್ಯಪ್‌ಗಳು, ಒಪ್ಪಿಗೆ ಪಡೆದ ಗಿಟ್‌ಹಬ್ ಆ್ಯಪ್‌ಗಳು, ಒಪ್ಪಿಗೆ ಪಡೆದ ಓ-ಆಥ್ ಆ್ಯಪ್‌ಗಳು. ಮೂರನ್ನೂ ನೋಡಬೇಕು, ಒಂದರಲ್ಲಿ ತೆಗೆದರೆ ಇನ್ನೊಂದರಲ್ಲಿ ಹೋಗುವುದಿಲ್ಲ. ಓ-ಆಥ್ ಪಟ್ಟಿಯಲ್ಲಿ ಹೆಸರು ಗುರುತು ಸಿಗದ್ದನ್ನು, ಬಿಟ್ಟು ತಿಂಗಳಾದದ್ದನ್ನು ರಿವೋಕ್ ಮಾಡಿ. ಸಂಸ್ಥೆಯ ಮಾಲೀಕರು ಸಂಸ್ಥೆಯ ಸೆಟ್ಟಿಂಗ್ಸ್‌ನಲ್ಲಿ ಥರ್ಡ್-ಪಾರ್ಟಿ ಆ್ಯಕ್ಸೆಸ್ ಕೆಳಗಿನ ಓ-ಆಥ್ ಪಾಲಿಸಿ ಚಾಲೂ ಇದೆಯೇ ನೋಡಿ. ಸ್ಕ್ರಿಪ್ಟ್‌ಗಳಿಗೆ ‘ಜಿಎಚ್‌ಪಿ’ ಎಂದು ಶುರುವಾಗುವ ಹಳೆಯ ಕ್ಲಾಸಿಕ್ ಟೋಕನ್ ಬದಲು, ರೆಪೊ ಆರಿಸಿ ಅವಧಿ ಹಾಕಬಹುದಾದ ಫೈನ್-ಗ್ರೇನ್ಡ್ ಟೋಕನ್ ಬಳಸಿ. ಒಂದೇ ರೆಪೊವನ್ನು ಓದುವ ಸರ್ವರ್‌ಗೆ ಡಿಪ್ಲಾಯ್ ಕೀ ಸಾಕು. ಒಂದು ಮಾತು ನೆನಪಿರಲಿ: ರಿವೋಕ್ ಮಾಡಿದರೆ ಮುಂದಿನ ಓದು ನಿಲ್ಲುತ್ತದೆ, ಆಗಲೇ ಕ್ಲೋನ್ ಆದದ್ದು ಹಿಂದೆ ಬರುವುದಿಲ್ಲ. ಆದ್ದರಿಂದ ಅನುಮಾನ ಬಂದಾಗ ಆ ರೆಪೊಗಳಲ್ಲಿ ಎಂದಾದರೂ ಇದ್ದ ಎಲ್ಲ ಸೀಕ್ರೆಟ್‌ಗಳನ್ನೂ ಬದಲಿಸಬೇಕು, ಹಿಸ್ಟರಿಯಲ್ಲಿ ಇದ್ದವನ್ನೂ.

ಟೂಲ್ ಕಟ್ಟುವವರಲ್ಲಿ ನನ್ನ ಬೇಡಿಕೆ ಇಷ್ಟು. ‘ರೆಪೊ’ ಸ್ಕೋಪಿನಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ. ಹಳೆಯ ಗ್ರಾಹಕರನ್ನು ಗಿಟ್‌ಹಬ್ ಆ್ಯಪ್‌ಗೆ ಸಾಗಿಸುವ ದಿನಾಂಕವನ್ನು ಪ್ರಕಟಿಸಿ. ಪಾವತಿ ನಿಲ್ಲಿಸಿದ, 30 ದಿನ ಲಾಗಿನ್ ಆಗದ ಗ್ರಾಹಕರ ಸಿಂಕ್ ನಿಲ್ಲಿಸಿ ಅವರ ಟೋಕನ್‌ಗಳನ್ನು ನೀವೇ ರದ್ದು ಮಾಡಿ, ಮಾಡಿದ್ದನ್ನು ಅವರಿಗೆ ತಿಳಿಸಿ. ನಿಮ್ಮ ಸೈಟಿನಲ್ಲಿ ಲಾಗಿನ್ ಬೇಡದ ಒಂದು ಪುಟವಿರಲಿ: ಕೇಳುವ ಪ್ರತಿಯೊಂದು ಪರ್ಮಿಷನ್, ಅದರ ಪಕ್ಕದಲ್ಲಿ ಅದನ್ನು ಬಳಸುವ ಸೌಲಭ್ಯದ ಹೆಸರು, ಆ ಸೌಲಭ್ಯ ಆಫ್ ಮಾಡಿದರೆ ಪರ್ಮಿಷನ್ ಬಿಡಬಹುದೇ ಎಂಬ ಉತ್ತರ. ಆ ಪುಟ ಬರೆಯಲು ಕೂತಾಗ ಪಕ್ಕದ ಕಾಲಂ ಖಾಲಿ ಉಳಿದ ಪರ್ಮಿಷನ್‌ಗಳನ್ನು ಅದೇ ದಿನ ನಿಮ್ಮ ಆ್ಯಪ್‌ನ ಸೆಟ್ಟಿಂಗ್ಸ್‌ನಿಂದ ತೆಗೆದುಹಾಕಿ.

ಇತಿ,
ರೆಪೊಗಳ ಉಸ್ತುವಾರಿ ಹೊತ್ತ ಒಬ್ಬ ಎಂಜಿನಿಯರ್
ಬೆಂಗಳೂರು